ಹಿಮದ ಘಾಟಿ ದಾಟಬಹುದಾ? ಗ್ರೇಟ್ ಆಲ್ಪೈನ್ ರೋಡ್ ಬಗ್ಗೆ ಹುಣಸೂರಿನ ಮೇಷ್ಟ್ರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹುಣಸೂರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ವಯಸ್ಸು 64. ಮಗ, ಸೊಸೆ ಮೆಲ್ಬರ್ನ್‌ನಲ್ಲಿದ್ದಾರೆ. ಸೆಪ್ಟೆಂಬರ್ ಕೊನೆಯ ವಾರ ನಾವಿಬ್ಬರೂ ಅಲ್ಲಿಗೆ ಹೋಗುವ ಯೋಚನೆ ಇದೆ. ಟಿಕೆಟ್ ಇನ್ನೂ ತೆಗೆದಿಲ್ಲ. ಮಗ ಗ್ರೇಟ್ ಆಲ್ಪೈನ್ ರೋಡ್‌ನಲ್ಲಿ ಕರೆದುಕೊಂಡು ಹೋಗ್ತೀನಿ ಅಂತಾನೆ. ದ್ರಾಕ್ಷಿ ತೋಟಗಳು, ಹಳೆಯ ಊರುಗಳು, ಆಮೇಲೆ ಬೆಟ್ಟ ಹತ್ತಿ ಆ ಕಡೆ ಸಮುದ್ರದ ಹತ್ತಿರ ಇಳಿಯುವುದು. ನನ್ನ ಹೆಂಡತಿಗೆ ಜೀವನದಲ್ಲಿ ಒಂದು ಸಲ ಹಿಮ ಮುಟ್ಟಬೇಕು ಅಂತ ಆಸೆ. ಆದರೆ ಮಡಿಕೇರಿ ಘಾಟಿ ಹತ್ತಿದರೇ ಅವಳಿಗೆ ವಾಂತಿ. ನನಗೆ ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಅಷ್ಟು ಎತ್ತರದಲ್ಲಿ ಉಸಿರಿನ ತೊಂದರೆ ಆಗುತ್ತಾ? ಮಗನದು ಆಲ್ ವೀಲ್ ಡ್ರೈವ್ ಎಸ್‌ಯುವಿ, ಹಿಮದಲ್ಲಿ ಜಾರದ ಹಾಗೆ ಟೈರಿಗೆ ಸುತ್ತುವ ಚೈನ್ ಬೇಡ ಅಂತಾನೆ. ಸೊಸೆ ಹಸಿರು ಪಿ ಪ್ಲೇಟ್‌ನಲ್ಲಿ, ಅಂದರೆ ಹೊಸ ಡ್ರೈವರ್‌ಗಳಿಗೆ ಕೊಡುವ ಲೈಸೆನ್ಸ್‌ನಲ್ಲಿ, ಓಡಿಸುತ್ತಾಳೆ. ನಾನೂ 30 ವರ್ಷ ಘಾಟಿಗಳಲ್ಲಿ ಕಾರು ಓಡಿಸಿದವನು, ನನಗೆ ಅಲ್ಲಿ ಓಡಿಸಲು ಬಿಡುತ್ತಾರಾ? ನಾವು ಸಸ್ಯಾಹಾರಿಗಳು. ಮಗ, ಸೊಸೆ ಸ್ವಲ್ಪ ವೈನ್ ರುಚಿ ನೋಡ್ತಾರೆ, ನಾವಿಬ್ಬರೂ ಮುಟ್ಟುವುದಿಲ್ಲ. ಮೂರು ದಿನ ಸಾಕು ಅಂತ ಮಗ ಹೇಳ್ತಾನೆ. ನಿಜ ಹೇಳಿ, ಹೋಗಬಹುದಾ?

ಉತ್ತರ: ಹೋಗಬಹುದು ಮೇಷ್ಟ್ರೇ. ಆದರೆ ಮೂರು ದಿನದಲ್ಲಿ ಬೇಡ, ಚೈನ್ ಇಲ್ಲದೆ ಖಂಡಿತ ಬೇಡ.

ನಾನು ಮೆಲ್ಬರ್ನ್‌ನಲ್ಲಿ ಡ್ರೈವಿಂಗ್ ಕಲಿಸುತ್ತೇನೆ. ಅದಕ್ಕೂ ಮುಂಚೆ ಹಲವು ವರ್ಷ ಇದೇ ರಸ್ತೆಯಲ್ಲಿ ಪ್ರವಾಸಿಗರ ವ್ಯಾನ್ ಓಡಿಸಿದ್ದೇನೆ. ಊರಿಂದ ಬಂದ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಹೋಗುವ ಮಕ್ಕಳು ನನಗೆ ಕೇಳುವುದೆಲ್ಲ ಹೆಚ್ಚುಕಡಿಮೆ ನಿಮ್ಮ ಪ್ರಶ್ನೆಗಳೇ. ಎತ್ತರ, ತಿರುವು, ಹಿಮ ಅಂದರೆ ಎಲ್ಲರಿಗೂ ಭಯ. ನಾನು ನೋಡಿದ ಮಟ್ಟಿಗೆ ಈ ರಸ್ತೆಯಲ್ಲಿ ಜನ ತೊಂದರೆಗೆ ಸಿಕ್ಕಿಕೊಳ್ಳುವುದು ಆತುರದಿಂದ. ಬೆಳಿಗ್ಗೆ ಮನೆ ಬಿಟ್ಟು, ಮಧ್ಯಾಹ್ನ ದ್ರಾಕ್ಷಿ ತೋಟದಲ್ಲಿ ಊಟ ಮಾಡಿ, ಸಂಜೆ ಘಾಟಿ ಹತ್ತಲು ಹೊರಡುತ್ತಾರೆ. ಹೊಟ್ಟೆ ತುಂಬಿರುತ್ತೆ, ಬೆಳಕು ಹೋಗ್ತಾ ಇರುತ್ತೆ, ಮೇಲೆ ಮಂಜು ಇಳಿದಿರುತ್ತೆ.

ಮೊದಲು ದಾರಿ ಹೇಗಿದೆ ಅಂತ ಹೇಳಿಬಿಡುತ್ತೇನೆ. ಮೆಲ್ಬರ್ನ್‌ನಿಂದ ವಾಂಗರಟ್ಟಾಕ್ಕೆ ಹ್ಯೂಮ್ ಫ್ರೀವೇಯಲ್ಲಿ ಸುಮಾರು 250 ಕಿಲೋಮೀಟರ್. ಅಗಲವಾದ, ನೇರವಾದ ರಸ್ತೆ. ಗ್ರೇಟ್ ಆಲ್ಪೈನ್ ರೋಡ್ ಶುರುವಾಗುವುದು ಅಲ್ಲಿಂದ. ಮರ್ಟಲ್‌ಫರ್ಡ್, ಪೋರಪಂಕಾ, ಬ್ರೈಟ್, ಹ್ಯಾರಿಯಟ್‌ವಿಲ್ ವರೆಗೆ ಓವನ್ಸ್ ನದಿಯ ಪಕ್ಕದ ಕಣಿವೆ. ಇದು ನೂರು ಕಿಲೋಮೀಟರ್ ಇರಬಹುದು, ಕಷ್ಟದ ತಿರುವೇ ಇಲ್ಲ. ಹ್ಯಾರಿಯಟ್‌ವಿಲ್ ದಾಟಿದ ಕೂಡಲೇ ಘಾಟಿ. ಅಲ್ಲಿಂದ ಹಿಮ ಬೀಳುವ ಬೆಟ್ಟ ಮೌಂಟ್ ಹಾಥಮ್‌ಗೆ ಸುಮಾರು 30 ಕಿಲೋಮೀಟರ್. ಅಷ್ಟರಲ್ಲಿ ಸಾವಿರದ ಮುನ್ನೂರು ಮೀಟರ್‌ನಷ್ಟು ಏರುತ್ತೀರಿ. ಆಮೇಲೆ ಡಿನ್ನರ್ ಪ್ಲೇನ್, ಓಮಿಯೋ, ಟ್ಯಾಂಬೋ ನದಿಯ ಜೊತೆಜೊತೆಗೆ ಸ್ವಿಫ್ಟ್ಸ್ ಕ್ರೀಕ್, ಬ್ರೂಥೆನ್, ಕೊನೆಗೆ ಬೇರ್ನ್ಸ್‌ಡೇಲ್. ವಾಂಗರಟ್ಟಾದಿಂದ ಅಲ್ಲಿಗೆ ಒಟ್ಟು 300 ಕಿಲೋಮೀಟರ್ ಚಿಲ್ಲರೆ. ಬೇರ್ನ್ಸ್‌ಡೇಲ್‌ನಿಂದ ಮೆಲ್ಬರ್ನ್‌ಗೆ ವಾಪಸ್ ಬರಲು ಇನ್ನೂ 280.

ಎತ್ತರದ ಭಯ ಈಗಲೇ ಬಿಟ್ಟುಬಿಡಿ. ಈ ರಸ್ತೆಯ ಅತಿ ಎತ್ತರದ ಜಾಗ ಸುಮಾರು 1,840 ಮೀಟರ್. ಆಸ್ಟ್ರೇಲಿಯಾದಲ್ಲಿ ವರ್ಷವಿಡೀ ತೆರೆದಿರುವ ಡಾಂಬರು ರಸ್ತೆಗಳಲ್ಲಿ ಇದಕ್ಕಿಂತ ಎತ್ತರದ್ದು ಇಲ್ಲ. ಆದರೆ ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಊಟಿ 2,240 ಮೀಟರ್ ಹತ್ತಿರ. ಊಟಿಯಲ್ಲಿ ನೀವು ಆರಾಮಾಗಿ ಓಡಾಡಿದ್ದರೆ ಇಲ್ಲಿನ ಎತ್ತರವೂ ತೊಂದರೆ ಕೊಡಲಾರದು. ಸ್ಟೆಂಟ್ ಇರುವವರು ಗಮನ ಕೊಡಬೇಕಾದದ್ದು ಚಳಿಗೆ. ಹಿಮದ ಗಾಳಿಯಲ್ಲಿ ಏದುಸಿರು ಬರುವ ಹಾಗೆ ನಡೆಯುವುದು, ಚೈನ್ ಹಾಕಲು ಬಗ್ಗಿ ಎದ್ದು ಒದ್ದಾಡುವುದು, ಸಿಕ್ಕಿಬಿದ್ದ ಕಾರು ತಳ್ಳುವುದು, ಇವು ಹೃದಯಕ್ಕೆ ನಿಜವಾದ ಹೊರೆ. ಆ ಕೆಲಸ ಮಗನಿಗೆ ಬಿಡಿ. ಹೊರಡುವ ಮುಂಚೆ ನಿಮ್ಮ ಹೃದಯದ ಡಾಕ್ಟರನ್ನು ಒಮ್ಮೆ ಕೇಳಿ. ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಡಿಕ್ಕಿಯಲ್ಲಿ ಬೇಡ.

ಈಗ ಚೈನ್ ವಿಷಯ. ಇಲ್ಲಿ ಮಗನ ಮಾತು ತಪ್ಪು. ಅವನೊಬ್ಬನೇ ಅಲ್ಲ, ಎಸ್‌ಯುವಿ ಇರುವ ಮುಕ್ಕಾಲುವಾಸಿ ಜನ ಹೀಗೇ ಹೇಳ್ತಾರೆ. ಹಿಮದ ಸೀಸನ್ ಅಂತ ಘೋಷಿಸಿದ ದಿನಗಳಲ್ಲಿ ಹಾಥಮ್ ಕಡೆ ಹೋಗುವ ಕಾರಿನಲ್ಲಿ ಚೈನ್ ಇರಲೇಬೇಕು. ಅದು ಕಾನೂನು. ಟೂ ವೀಲ್ ಡ್ರೈವ್, ಫೋರ್ ವೀಲ್ ಡ್ರೈವ್, ಆಲ್ ವೀಲ್ ಡ್ರೈವ್ ಯಾವ ಕಾರಿಗೂ ವಿನಾಯಿತಿ ಇಲ್ಲ. ಇಲ್ಲದಿದ್ದರೆ ದಂಡ ಬೀಳುತ್ತೆ, ವಾಪಸ್ ಕಳಿಸುತ್ತಾರೆ. ಈ ಸೀಸನ್ ಜೂನ್ ಎರಡನೇ ಸೋಮವಾರದ ರಜೆಯ ವಾರಾಂತ್ಯಕ್ಕೆ ಶುರುವಾಗಿ ಅಕ್ಟೋಬರ್ ಮೊದಲವರೆಗೆ ನಡೆಯುತ್ತದೆ. ಸೆಪ್ಟೆಂಬರ್ ಕೊನೆ ಅದರೊಳಗೇ ಬಂತು.

ಕಾನೂನು ಬದಿಗಿರಲಿ, ಕಾರಣ ಅರ್ಥವಾದರೆ ಮಗ ವಾದ ಮಾಡುವುದಿಲ್ಲ. ಆಲ್ ವೀಲ್ ಡ್ರೈವ್ ಮಾಡುವುದು ಒಂದೇ ಕೆಲಸ, ಇಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಕ್ಕೆ ಹಂಚುವುದು. ಹೊರಡಲು, ಹತ್ತಲು ಅದು ಅನುಕೂಲ. ನಿಲ್ಲಿಸುವಾಗ? ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತೆ. ರಸ್ತೆಯನ್ನು ಹಿಡಿಯುವುದು ಟೈರಿನ ರಬ್ಬರು ಮಾತ್ರ. ಚಳಿಗೆ ರಬ್ಬರು ಗಡುಸಾಗುತ್ತೆ, ಐಸ್ ಮೇಲೆ ಅದಕ್ಕೆ ಹಿಡಿತವೇ ಇರುವುದಿಲ್ಲ. ಸಣ್ಣ ಕಾರಿನವರು ಹೆದರಿ ನಿಧಾನ ಹೋಗ್ತಾರೆ. ಎಸ್‌ಯುವಿಯವರು ಸಲೀಸಾಗಿ ಹತ್ತಿ, ಇಳಿಯುವಾಗ ಜಾರುತ್ತಾರೆ. ನಾನು ಹಳ್ಳದ ಅಂಚಿನಲ್ಲಿ ನೋಡಿದ ಕಾರುಗಳಲ್ಲಿ ಎಸ್‌ಯುವಿಗಳೇ ಜಾಸ್ತಿ.

ಇನ್ನೊಂದು ಮಾತು, ಇದು ನಮ್ಮ ಕಡೆಯಿಂದ ಬಂದವರಿಗೆ ಹೊಳೆಯುವುದೇ ಇಲ್ಲ. ಇಲ್ಲಿ ಸೂರ್ಯ ಇರುವುದು ಉತ್ತರಕ್ಕೆ. ಹಾಗಾಗಿ ಬೆಟ್ಟದ ದಕ್ಷಿಣದ ಮಗ್ಗುಲು ದಿನವಿಡೀ ನೆರಳು. ಬಿಸಿಲಿನಲ್ಲಿ ಒಣಗಿದ ರಸ್ತೆಯಲ್ಲಿ ಹೋಗ್ತಾ ಇರುತ್ತೀರಿ, ಒಂದು ತಿರುವು ದಾಟಿದರೆ ನೆರಳು. ಅಲ್ಲಿ ರಾತ್ರಿಯ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿರುತ್ತೆ. ಬ್ಲ್ಯಾಕ್ ಐಸ್ ಅಂತಾರೆ. ಒದ್ದೆ ಡಾಂಬರಿನ ಹಾಗೇ ಕಾಣುತ್ತೆ. ಅದಕ್ಕೇ ನೆರಳಿನ ತಿರುವಿಗೆ ಮೊದಲೇ ನಿಧಾನ ಮಾಡಿ. ಅದರ ಮೇಲೆ ಹೋದಮೇಲೆ ಬ್ರೇಕ್ ಒತ್ತಿದರೆ ತಡವಾಯಿತು.

ಚೈನ್ ಕೊಳ್ಳುವ ಅಗತ್ಯ ಇಲ್ಲ, ಬಾಡಿಗೆಗೆ ಸಿಗುತ್ತೆ. ಬ್ರೈಟ್‌ನಲ್ಲೂ ಕೊಡುತ್ತಾರೆ. ಟೈರಿನ ಪಕ್ಕದಲ್ಲಿ ಬರೆದಿರುವ ಅಳತೆಯನ್ನು ಫೋಟೋ ತೆಗೆದುಕೊಂಡು ಹೋಗಿ. ಏಣಿಯ ಮೆಟ್ಟಿಲಿನಂಥ ಚೈನ್ ಬೇಡ, ಬಲೆಯ ಹಾಗೆ ಓರೆಯಾಗಿ ಹೆಣೆದ ಡೈಮಂಡ್ ಪ್ಯಾಟರ್ನ್ ಕೇಳಿ. ಕೆಲವು ಕಾರುಗಳಲ್ಲಿ ಚಕ್ರಕ್ಕೂ ಒಳಗಿನ ಭಾಗಗಳಿಗೂ ಅಂತರ ತೀರಾ ಕಡಿಮೆ, ಚೈನ್ ಹಾಕಬಾರದು ಅಂತ ಕಾರಿನ ಪುಸ್ತಕದಲ್ಲೇ ಬರೆದಿರುತ್ತೆ. ಮಗ ಇದನ್ನು ಇವತ್ತೇ ನೋಡಲಿ. ಹಾಕಬಾರದು ಅಂತಿದ್ದರೆ ಆ ಕಾರಲ್ಲಿ ಹಿಮದ ಕಾಲಕ್ಕೆ ಬೆಟ್ಟ ಬೇಡ. ಬಾಡಿಗೆ ಕಾರಾದರೆ ಇನ್ನೂ ಹುಷಾರು. ಹಿಮದ ರಸ್ತೆಗೆ ಒಯ್ದರೆ ವಿಮೆ ಇಲ್ಲ ಅನ್ನುವ ಒಪ್ಪಂದಗಳು ಬಹಳ. ಬಾಡಿಗೆಗೆ ತಗೊಂಡ ಅಂಗಡಿಯ ಮುಂದೆಯೇ, ಒಣನೆಲದ ಮೇಲೆ, ಒಂದು ಸಲ ಹಾಕಿ ಬಿಚ್ಚಿ ಅಭ್ಯಾಸ ಮಾಡಿಸಿ. ಮೇಲೆ ಬೆರಳು ಮರಗಟ್ಟಿರುವಾಗ ಕಲಿಯಲು ಆಗುವುದಿಲ್ಲ. ಚೈನ್ ಹಾಕಲೆಂದೇ ರಸ್ತೆ ಪಕ್ಕ ಜಾಗ ಬಿಟ್ಟಿರುತ್ತಾರೆ, ಬೋರ್ಡ್ ಇರುತ್ತೆ. ಹಾಕಿದ ಮೇಲೆ ಗಂಟೆಗೆ 40 ಕಿಲೋಮೀಟರ್ ದಾಟಬಾರದು.

ಡೀಸೆಲ್ ಕಾರಾಗಿದ್ದರೆ ಇನ್ನೊಂದು ಮಾತು. ಮಾಮೂಲಿ ಡೀಸೆಲ್‌ನಲ್ಲಿ ಮೇಣದ ಅಂಶ ಇರುತ್ತೆ. ಕೊರೆಯುವ ಚಳಿಯಲ್ಲಿ ಅದು ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತೆ. ಬೆಳಿಗ್ಗೆ ಕಾರು ಏಳುವುದಿಲ್ಲ. ಬೆಟ್ಟದ ಕೆಳಗಿನ ಬಂಕ್‌ಗಳಲ್ಲಿ ಆಲ್ಪೈನ್ ಡೀಸೆಲ್ ಸಿಗುತ್ತೆ, ಅದನ್ನೇ ತುಂಬಿಸಿ. ಪೆಟ್ರೋಲ್ ಕಾರಿಗೆ ಈ ಚಿಂತೆ ಇಲ್ಲ, ಆದರೆ ಬ್ರೈಟ್‌ನಲ್ಲೇ ಟ್ಯಾಂಕ್ ತುಂಬಿಸಿಕೊಂಡು ಹೊರಡಿ. ಮೇಲೆ ಕಾರು ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಅದು ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತೆ. ಸಮತಟ್ಟು ಜಾಗ ನೋಡಿ, ಗೇರಿನಲ್ಲಿ ಬಿಟ್ಟು, ವೈಪರ್ ಕಡ್ಡಿಗಳನ್ನು ಗಾಜಿನಿಂದ ಎತ್ತಿ ನಿಲ್ಲಿಸಿ.

ನೀವು ಓಡಿಸುವ ಬಗ್ಗೆ. ಪ್ರವಾಸಕ್ಕೆ ಬಂದವರು ಊರಿನ ಲೈಸೆನ್ಸ್‌ನಲ್ಲೇ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಓಡಿಸಬಹುದು. ಈಗಿನ ನಿಯಮದಲ್ಲಿ ಮೊದಲ ಆರು ತಿಂಗಳು. ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಇಂಗ್ಲಿಷ್‌ನಲ್ಲಿರಬೇಕು. ಕರ್ನಾಟಕದ ಸ್ಮಾರ್ಟ್ ಕಾರ್ಡ್‌ನಲ್ಲಿ ಇಂಗ್ಲಿಷ್ ಇದೆ, ಸಾಕು. ಮಗನ ಕಾರಿನ ವಿಮೆ ನಿಮ್ಮನ್ನು ಒಪ್ಪುತ್ತಾ ಅಂತ ಮಾತ್ರ ಫೋನ್ ಮಾಡಿ ಕೇಳಿಸಿ.

ಘಾಟಿಯಲ್ಲಿ 30 ವರ್ಷ ಓಡಿಸಿದ ಅನುಭವ ದೊಡ್ಡದು. ಇಲ್ಲಿಯೂ ಎಡಗಡೆಯೇ ಓಡಿಸುವುದು, ಆ ಗೊಂದಲ ಇಲ್ಲ. ಆದರೆ ನಾಲ್ಕು ಅಭ್ಯಾಸಗಳನ್ನು ಊರಲ್ಲೇ ಬಿಟ್ಟು ಬನ್ನಿ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವುದು ಮೊದಲನೆಯದು. ತಿರುವಿನಲ್ಲಿ ಹಾರ್ನ್ ಹೊಡೆದು ನುಗ್ಗುವುದು ಎರಡನೆಯದು. ಇಲ್ಲಿ ಎದುರಿನವರು ಹಾರ್ನ್ ನಿರೀಕ್ಷಿಸುವುದೂ ಇಲ್ಲ, ಹೊಡೆಯುವುದೂ ಇಲ್ಲ. ಮುಂದಿನ ಲಾರಿ ಬಲಗಡೆ ಇಂಡಿಕೇಟರ್ ಹಾಕಿದರೆ ಓವರ್‌ಟೇಕ್ ಮಾಡಿ ಅಂತ ತಿಳಿಯುವುದು ಮೂರನೆಯದು. ಇಲ್ಲಿ ಅದರ ಅರ್ಥ ಲಾರಿ ಬಲಕ್ಕೆ ತಿರುಗುತ್ತಿದೆ ಅಂತ. ಹಿಂದಿನ ಕಾರು ಅಂಟಿಕೊಂಡು ಬಂದರೆ ನಾವೂ ಜೋರು ಮಾಡುವುದು ನಾಲ್ಕನೆಯದು. ಅಗಲ ಜಾಗ ಬಂದ ಕಡೆ ಎಡಕ್ಕೆ ಸರಿದು ನಿಲ್ಲಿಸಿ, ಅವರನ್ನು ಬಿಟ್ಟುಬಿಡಿ. ನೂರರ ಬೋರ್ಡ್ ಇದೆ ಅಂದರೆ ನೂರರಲ್ಲೇ ಹೋಗಬೇಕು ಅಂತ ಅಲ್ಲ. ತಿರುವಿನ ಹತ್ತಿರ ಹಳದಿ ಬೋರ್ಡಿನಲ್ಲಿ ಬರೆದ ವೇಗ ನೋಡಿ, ಮೊದಲ ಸಲ ಬಂದವರು ಅದಕ್ಕಿಂತ ಐದು ಕಡಿಮೆ ಇಟ್ಟುಕೊಳ್ಳಿ.

ನನ್ನ ಸಲಹೆ ಇದು. ಕಣಿವೆಯ ರಸ್ತೆಯಲ್ಲಿ, ಮರ್ಟಲ್‌ಫರ್ಡ್‌ನಿಂದ ಬ್ರೈಟ್‌ವರೆಗೆ, ನೀವು ಓಡಿಸಿ. ಖುಷಿ ಆಗುತ್ತೆ. ಘಾಟಿ ಮಾತ್ರ ಮಗನಿಗೆ ಬಿಡಿ. ಐಸ್ ಮೇಲೆ ನೀವಿಬ್ಬರೂ ಹೊಸಬರೇ. ಆದರೆ ಆ ಕಾರಿನ ಅಂದಾಜು ಅವನ ಕಾಲಿಗಿದೆ.

ಇಳಿಯುವ ವಿಷಯ ಮಗನಿಗೂ ಹೇಳಿ. ಆಟೋಮ್ಯಾಟಿಕ್ ಕಾರನ್ನು ಡಿ ಯಲ್ಲೇ ಬಿಟ್ಟು ಅರ್ಧ ಗಂಟೆ ಬ್ರೇಕ್ ತುಳಿದುಕೊಂಡು ಇಳಿಯುವವರು ತುಂಬಾ ಜನ. ಬ್ರೇಕಿನ ಬಿಸಿ ಅದರ ದ್ರವಕ್ಕೆ ಏರುತ್ತೆ. ದ್ರವ ಕುದಿದರೆ ಗುಳ್ಳೆ ಬರುತ್ತೆ. ಆಗ ಪೆಡಲ್ ತುಳಿದರೆ ಸ್ಪಂಜು ತುಳಿದ ಹಾಗೆ, ಕಾರು ನಿಲ್ಲುವುದಿಲ್ಲ. ಸುಟ್ಟ ವಾಸನೆ ಬಂದರೆ ಅದು ಎಚ್ಚರಿಕೆ. ಎಡಕ್ಕೆ ನಿಲ್ಲಿಸಿ ಇಪ್ಪತ್ತು ನಿಮಿಷ ಆರಲು ಬಿಡಬೇಕು, ನೀರು ಸುರಿಯಬಾರದು. ಅದು ಬರದೇ ಇರಬೇಕೆಂದರೆ ಗೇರನ್ನು ಎಂ (ಮ್ಯಾನ್ಯುವಲ್) ಅಥವಾ ಎಲ್ (ಲೋ) ಗೆ ಹಾಕಿ ಎರಡು, ಮೂರನೇ ಗೇರಿನಲ್ಲಿ ಇಂಜಿನ್ನೇ ಕಾರನ್ನು ಹಿಡಿಯುವ ಹಾಗೆ ಮಾಡಬೇಕು. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ನಮ್ಮ ಹಳೆಯ ಲಾರಿ ಡ್ರೈವರ್‌ಗಳು ಹೇಳ್ತಿದ್ದರಲ್ವಾ, ಇವತ್ತಿಗೂ ಅದೇ ಸರಿ.

ನಿಮ್ಮ ಮನೆಯವರ ವಾಂತಿಗೂ ಈ ಓಡಿಸುವ ರೀತಿಗೂ ನೇರ ಸಂಬಂಧ ಇದೆ. ವಾಂತಿ ಬರುವುದು ಹೊಟ್ಟೆಯ ದೋಷದಿಂದ ಅಲ್ಲ. ಕಿವಿಯೊಳಗಿನ ಅಂಗ ದೇಹ ತಿರುಗುತ್ತಿದೆ ಅಂತ ಹೇಳುತ್ತೆ, ಕಣ್ಣು ಕಾರಿನೊಳಗೆ ಎಲ್ಲ ನಿಂತಲ್ಲೇ ಇದೆ ಅಂತ ಹೇಳುತ್ತೆ. ಮಿದುಳಿಗೆ ಎರಡೂ ಹೊಂದುವುದಿಲ್ಲ. ಹಾಗಾಗಿ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ದೂರದ ರಸ್ತೆ ನೋಡಲಿ, ಮೊಬೈಲ್ ಬೇಡ. ಖಾಲಿ ಹೊಟ್ಟೆಯೂ ಬೇಡ, ಭರ್ತಿ ಹೊಟ್ಟೆಯೂ ಬೇಡ, ಒಂದೆರಡು ಇಡ್ಲಿಯಷ್ಟು ತಿಂಡಿ ಸಾಕು. ಕಿಟಕಿ ಸ್ವಲ್ಪ ಇಳಿಸಿ. ಡ್ರೈವರ್ ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಒಂದೇ ಸಮ ಹೋಗಬೇಕು. ತಿರುವಿನ ಮಧ್ಯೆ ಬ್ರೇಕ್ ಒತ್ತಿ, ಹೊರಬರುತ್ತಲೇ ಎಕ್ಸಲರೇಟರ್ ತುಳಿದರೆ ತಲೆ ಹಿಂದೆ ಮುಂದೆ ತೂಗುತ್ತೆ, ಅಲ್ಲಿಗೆ ಮುಗಿಯಿತು. ನನ್ನ ವ್ಯಾನಿನಲ್ಲಿ ತಟ್ಟೆಯಲ್ಲಿ ನೀರಿಟ್ಟು ಅದು ತುಳುಕದ ಹಾಗೆ ಓಡಿಸುತ್ತಿದ್ದೇನೆ ಅಂದುಕೊಂಡು ಓಡಿಸುತ್ತಿದ್ದೆ. ವಾಂತಿ ಮಾಡಿಕೊಳ್ಳುವವರು ಬಹಳ ಕಡಿಮೆಯಾದರು. ಮಾತ್ರೆ ಬೇಕೆಂದರೆ ಊರಲ್ಲೇ ಡಾಕ್ಟರನ್ನು ಕೇಳಿ ತನ್ನಿ. ಗ್ಲಾಕೋಮಾ ಇರುವವರಿಗೆ ಕೆಲವು ಮಾತ್ರೆ ಆಗುವುದಿಲ್ಲ. ಹೆಚ್ಚಿನವು ನಿದ್ದೆ ತರಿಸುತ್ತವೆ, ಹಾಗಾಗಿ ಓಡಿಸುವವರು ಮುಟ್ಟಬಾರದು. ಹ್ಯಾರಿಯಟ್‌ವಿಲ್‌ಗೆ ಬಂದಮೇಲೆ ನುಂಗಿದರೆ ಪ್ರಯೋಜನ ಇಲ್ಲ, ಅದಕ್ಕೆ ಅರ್ಧ ಗಂಟೆ ಮೊದಲೇ ತಗೊಳ್ಳಬೇಕು. ಬ್ರೈಟ್‌ನಿಂದ ಹ್ಯಾರಿಯಟ್‌ವಿಲ್‌ಗೆ 25 ಕಿಲೋಮೀಟರ್ ಇರುವುದರಿಂದ, ಬ್ರೈಟ್‌ನಲ್ಲಿ ಕಾರು ಹತ್ತುವ ಮುಂಚೆ ನುಂಗಿದರೆ ಸರಿಹೋಗುತ್ತೆ.

ವೈನ್ ವಿಷಯ ಚುಟುಕಾಗಿ ಹೇಳಿ ಮುಗಿಸಬಹುದಿತ್ತು. ಆದರೆ ಇಲ್ಲಿ ತಪ್ಪು ಕಲ್ಪನೆಗಳು ಜಾಸ್ತಿ. ಸೊಸೆಗೆ ಹಸಿರು ಪಿ ಪ್ಲೇಟ್ ಇದೆ ಅಂದಿರಿ. ಅವರು ಓಡಿಸುವ ದಿನ ರಕ್ತದಲ್ಲಿ ಆಲ್ಕೋಹಾಲ್ ಸೊನ್ನೆ ಇರಬೇಕು. ಒಂದು ಗುಟುಕೂ ಇಲ್ಲ. ಮಗನಿಗೆ ಪೂರ್ತಿ ಲೈಸೆನ್ಸ್ ಇದ್ದರೆ ಮಿತಿ ಶೇಕಡಾ 0.05. ರುಚಿ ನೋಡಲು ಒಂದು ಸಲಕ್ಕೆ ಸುಮಾರು 30 ಮಿಲಿಲೀಟರ್ ಹಾಕ್ತಾರೆ, ಅದೇನು ಮಹಾ ಅನಿಸುತ್ತೆ. ಇಲ್ಲಿನ ಲೆಕ್ಕದಲ್ಲಿ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್, ಅಂದಾಜು 100 ಮಿಲಿಲೀಟರ್ ವೈನ್. ಒಂದು ಕಡೆ ಆರು ಬಗೆ ರುಚಿ ನೋಡಿದರೆ 180 ಮಿಲಿಲೀಟರ್ ಆಯಿತು. ಇನ್ನೊಂದು ಕಡೆ ಹೋದರೆ ಅದರ ಎರಡರಷ್ಟು. ಅದನ್ನು ಇಳಿಸುವುದು ಲಿವರ್ ಮಾತ್ರ, ಗಂಟೆಗೆ ಹೆಚ್ಚೆಂದರೆ ಒಂದು ಡ್ರಿಂಕ್‌ನಷ್ಟು. ಕಾಫಿ, ಮೊಸರನ್ನ, ತಣ್ಣೀರು ಯಾವುದೂ ಅದನ್ನು ಬೇಗ ಮಾಡುವುದಿಲ್ಲ. ಪೊಲೀಸರು ಯಾವ ರಸ್ತೆಯಲ್ಲಾದರೂ ನಿಲ್ಲಿಸಿ ಊದಿಸಬಹುದು. ರುಚಿ ನೋಡಿ ಉಗುಳಲು ಮೇಜಿನ ಮೇಲೇ ಪಾತ್ರೆ ಇಟ್ಟಿರುತ್ತಾರೆ, ಉಗುಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನನ್ನ ನಿಯಮ ಸುಲಭ. ಘಾಟಿ ಹತ್ತುವ ದಿನ ಯಾರೂ ರುಚಿ ನೋಡುವುದು ಬೇಡ. ರುಚಿ ನೋಡುವ ದಿನ ಸ್ಟಿಯರಿಂಗ್ ನಿಮ್ಮ ಕೈಯಲ್ಲಿರಲಿ, ಮುಟ್ಟದವರು ನೀವಿಬ್ಬರೇ ಅಲ್ವಾ.

ವೈನ್ ಕುಡಿಯದವರಿಗೆ ಅಲ್ಲಿ ಏನಿದೆ ಅಂತ ಯೋಚಿಸಬೇಡಿ. ಹುಣಸೂರಿನವರಾದ ನಿಮಗೆ ಮೆಲ್ಬರ್ನ್‌ನವರಿಗಿಂತ ಅಲ್ಲಿ ಜಾಸ್ತಿ ಕಾಣುತ್ತೆ. ಮರ್ಟಲ್‌ಫರ್ಡ್ ಸುತ್ತ, ಪಕ್ಕದ ಕಿಂಗ್ ವ್ಯಾಲಿ ಕಣಿವೆಯಲ್ಲಿ, ಹೊಲದ ಮೂಲೆಗಳಲ್ಲಿ ಎತ್ತರದ, ಕಿಟಕಿಯಿಲ್ಲದ ಹಳೆಯ ಕಟ್ಟಡಗಳು ನಿಂತಿವೆ. ನೋಡಿದ ತಕ್ಷಣ ನಿಮಗೆ ಗೊತ್ತಾಗುತ್ತೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್! ಎರಡನೇ ಮಹಾಯುದ್ಧದ ನಂತರ ಇಟಲಿಯಿಂದ ಬಂದ ಕುಟುಂಬಗಳು ಈ ಕಣಿವೆಗಳಲ್ಲಿ ತಂಬಾಕು ಬೆಳೆದರು. ಆ ಬೆಳೆಗೆ ಭವಿಷ್ಯ ಇಲ್ಲ ಅನ್ನುವುದು ಕಾಣುತ್ತಿದ್ದ ಹಾಗೆ ಹಲವರು ದ್ರಾಕ್ಷಿಗೆ ತಿರುಗಿದರು. 2006ರ ಹೊತ್ತಿಗೆ ತಂಬಾಕು ಪೂರ್ತಿ ನಿಂತಿತು. ವಿಟ್‌ಫೀಲ್ಡ್ ಹತ್ತಿರದ ಡಾಲ್ ಜೊಟ್ಟೊ ಕುಟುಂಬ ತಮ್ಮ ಊರಿನ ಪ್ರೊಸೆಕ್ಕೊ ಅನ್ನುವ ನೊರೆ ವೈನಿನ ದ್ರಾಕ್ಷಿ ಬಳ್ಳಿಯನ್ನು 1999ರಲ್ಲಿ ಇಲ್ಲಿ ನೆಟ್ಟಿತು. ಈಗ ಆ ಕಣಿವೆಗೆ ಪ್ರೊಸೆಕ್ಕೊದಿಂದಲೇ ಹೆಸರು. ನಮ್ಮ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರು ಮುಂದೇನು ಅಂತ ಯೋಚಿಸುತ್ತಿರುವ ಕಾಲದಲ್ಲಿ, ಬ್ಯಾರನ್ ಪಕ್ಕದಲ್ಲೇ ದ್ರಾಕ್ಷಿ ಬಳ್ಳಿ ನಿಂತಿರುವುದನ್ನು ನೋಡಲೇಬೇಕು. ನಾನು ಅಲ್ಲಿ ವ್ಯಾನ್ ನಿಲ್ಲಿಸದೆ ಮುಂದೆ ಹೋಗಿದ್ದೇ ಇಲ್ಲ.

ಇಲ್ಲೇ ಯಾಕೆ ದ್ರಾಕ್ಷಿ ಅಂದರೆ, ಎತ್ತರ. ಕಣಿವೆಯ ಕೆಳಗಿನ ಮಿಲಾವಾ ಊರಿನ ಹತ್ತಿರ ನೆಲ ಬಯಲು, ಬಿಸಿಲು ಜಾಸ್ತಿ, ಕೆಂಪು ವೈನಿನ ದ್ರಾಕ್ಷಿ ಚೆನ್ನಾಗಿ ಮಾಗುತ್ತೆ. ಕಣಿವೆಯ ಮೇಲಿನ ವಿಟ್ಲಂಡ್ಸ್‌ನಲ್ಲಿ ಸುಮಾರು 800 ಮೀಟರ್ ಎತ್ತರ, ತಂಪು. ಅಲ್ಲಿ ಹಣ್ಣು ನಿಧಾನ ಮಾಗಿ ಹುಳಿ ಉಳಿಸಿಕೊಳ್ಳುತ್ತೆ. ನೊರೆ ಬರುವ ವೈನಿಗೆ ಅದೇ ಬೇಕು. ಮಿಲಾವಾದ ಬ್ರೌನ್ ಬ್ರದರ್ಸ್ 1880ರ ದಶಕದಿಂದ ಇದೆ. ಅದೇ ಊರಲ್ಲಿ ಚೀಸ್ ಮಾಡ್ತಾರೆ, ಸಾಸಿವೆಯಿಂದ ನಾನಾ ಬಗೆಯ ಮಸ್ಟರ್ಡ್ ಮಾಡ್ತಾರೆ. ಕೆಲವು ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಾದರೆ ಕೇಳಿ ತಿನ್ನಿ. ಇಟಾಲಿಯನ್ ಅಡುಗೆ ಇರುವುದರಿಂದ ಈ ಕಣಿವೆಯಲ್ಲಿ ಸಸ್ಯಾಹಾರ ಸಿಗುವುದು ಕಷ್ಟವಲ್ಲ. ಟೈಮ್ ಮಾತ್ರ ಗಮನಿಸಿ. ಸಣ್ಣ ಊರುಗಳಲ್ಲಿ ಕೆಫೆಗಳು ಮಧ್ಯಾಹ್ನವೇ ಮುಚ್ಚುತ್ತವೆ, ರಾತ್ರಿ ಎಂಟರ ನಂತರ ಅಡುಗೆಮನೆ ಬಂದ್. ಓಮಿಯೋ ಕಡೆ ಆಯ್ಕೆ ಇನ್ನೂ ಕಡಿಮೆ. ಚಪಾತಿ, ಚಟ್ನಿಪುಡಿ, ಒಂದು ಎಲೆಕ್ಟ್ರಿಕ್ ಕುಕ್ಕರ್ ಜೊತೆಗಿರಲಿ.

ತೋಟದ ಸಾಲಿನೊಳಗೆ ಇಳಿದು ಫೋಟೋ ತೆಗೆಯಬೇಡಿ. ಇದು ಸುಮ್ನೆ ಶಿಷ್ಟಾಚಾರಕ್ಕೆ ಹೇಳುತ್ತಿಲ್ಲ. ಫಿಲಾಕ್ಸೆರಾ ಅನ್ನುವ ಸಣ್ಣ ಹುಳು ದ್ರಾಕ್ಷಿಯ ಬೇರು ತಿಂದು ಬಳ್ಳಿಯನ್ನು ಕೊಲ್ಲುತ್ತೆ. ವಿಕ್ಟೋರಿಯಾದಲ್ಲಿ ಅದು 1877ರಲ್ಲಿ ಗೀಲಾಂಗ್ ಹತ್ತಿರ ಕಾಣಿಸಿಕೊಂಡಿತು. ಈ ಈಶಾನ್ಯ ಭಾಗದ ಮಣ್ಣಲ್ಲಿ ಈಗಲೂ ಇದೆ. ಬೂಟಿಗೆ ಅಂಟಿದ ಮಣ್ಣಲ್ಲೇ ಅದು ಇನ್ನೊಂದು ತೋಟಕ್ಕೆ ಹೋಗುತ್ತೆ. ಕೃಷಿ ಗೊತ್ತಿರುವ ನಿಮಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ.

ಸರಿ, ಈಗ ಏನು ಮಾಡಬಹುದು?

ಸೆಪ್ಟೆಂಬರ್‌ನಲ್ಲೇ ಬರುವುದಾದರೆ ಐದು ದಿನ ಇಟ್ಟುಕೊಳ್ಳಿ. ಮೊದಲ ದಿನ ಮಿಲಾವಾ, ಕಿಂಗ್ ವ್ಯಾಲಿ ನೋಡಿ ಸಂಜೆಯೊಳಗೆ ಬ್ರೈಟ್ ಸೇರಿ. ಬ್ರೈಟ್‌ನಲ್ಲಿ ಮೂರು ರಾತ್ರಿ ರೂಮ್ ಮಾಡಿ. ಆ ಮಧ್ಯೆ ಹವಾಮಾನ ನೋಡಿ, ಒಳ್ಳೆಯ ಬೆಳಿಗ್ಗೆ ಯಾವುದೋ ಅದನ್ನು ಘಾಟಿಗೆ ಆರಿಸಿಕೊಳ್ಳಿ. ಒಂಬತ್ತು ಗಂಟೆಗೆ ಹೊರಡಿ, ಆಗ ಐಸ್ ಕರಗಲು ಶುರುವಾಗಿರುತ್ತೆ. ಹಾಥಮ್‌ನಲ್ಲಿ ಇಳಿದು ಹಿಮದಲ್ಲಿ ಕಳೆಯಲು ಸೀಸನ್‌ನಲ್ಲಿ ಪ್ರವೇಶದ ಪಾಸ್ ಬೇಕು, ಮೊದಲೇ ತೆಗೆದಿಡಿ. ಮಧ್ಯಾಹ್ನದ ಹೊತ್ತಿಗೆ ಓಮಿಯೋ ಕಡೆ ಇಳಿಯಿರಿ. ಆ ದಿನಗಳಲ್ಲಿ ಸೂರ್ಯ ಸಂಜೆ ಆರರ ಹೊತ್ತಿಗೆ ಮುಳುಗುತ್ತಾನೆ, ಅಷ್ಟರಲ್ಲಿ ಓಮಿಯೋದಲ್ಲೋ ಬೇರ್ನ್ಸ್‌ಡೇಲ್‌ನಲ್ಲೋ ರೂಮ್ ಸೇರಿರಬೇಕು. ಇದರ ಅಪಾಯ ಹವಾಮಾನದ್ದು. ಭಾರಿ ಹಿಮ ಬಿದ್ದರೆ ರಸ್ತೆ ಮುಚ್ಚುತ್ತಾರೆ. ಆಗ ಆ ಕಡೆ ಕಟ್ಟಿದ ರೂಮಿನ ದುಡ್ಡು ಹೋಗಬಹುದು. ಅದಕ್ಕೇ ರದ್ದು ಮಾಡಲು ಬರುವ ರೂಮ್ ಮಾತ್ರ ತೆಗೆಯಿರಿ. ದುಡ್ಡು ಕಟ್ಟಿದ್ದೇವೆ ಅನ್ನುವ ಒಂದೇ ಕಾರಣಕ್ಕೆ ಕೆಟ್ಟ ಹವೆಯಲ್ಲಿ ಹತ್ತುವವರನ್ನು ಪ್ರತಿ ವರ್ಷ ನೋಡ್ತೀನಿ.

ದಾಟದೇ ಹಿಮ ಮಾತ್ರ ನೋಡುವ ದಾರಿಯೂ ಇದೆ. ಹಿಮದ ಕಾಲದಲ್ಲಿ ಕೆಳಗಿನ ಊರುಗಳಿಂದ ಹಾಥಮ್‌ಗೆ ಬಸ್ಸುಗಳು ಹೋಗುತ್ತವೆ. ಬೆಳಿಗ್ಗೆ ಹತ್ತಿ ಸಂಜೆ ಇಳಿಯಬಹುದು. ಚೈನಿನ ತಲೆನೋವು ಮಗನಿಗಿಲ್ಲ. ಆಮೇಲೆ ಬಂದ ದಾರಿಯಲ್ಲೇ ಮೆಲ್ಬರ್ನ್‌ಗೆ ವಾಪಸ್. ಆದರೆ ಬಸ್ಸಿನಲ್ಲಿ ನಿಮ್ಮ ಮನೆಯವರಿಗೆ ಅದೇ ತಿರುವು ಹತ್ತುವಾಗ ಒಂದು ಸಲ, ಇಳಿಯುವಾಗ ಇನ್ನೊಂದು ಸಲ. ಬೇಕಾದಲ್ಲಿ ನಿಲ್ಲಿಸಿ ಗಾಳಿ ಕುಡಿಯಲು ಆಗುವುದಿಲ್ಲ.

ಹಿಮ ಬಿಟ್ಟರೂ ಪರವಾಗಿಲ್ಲ ಅಂತ ಅವರು ಒಪ್ಪಿದರೆ, ಏಪ್ರಿಲ್ ಕೊನೆಗೆ ಬನ್ನಿ. ಬ್ರೈಟ್ ಊರಿಗೆ ಊರೇ ಕೆಂಪು, ಹಳದಿ ಎಲೆಯಾಗಿರುತ್ತೆ. ದ್ರಾಕ್ಷಿ ಕೊಯ್ಲು ಮುಗಿದಿರುತ್ತೆ, ಚೈನ್ ಕಡ್ಡಾಯ ಇಲ್ಲ. ಚೆಸ್ಟ್‌ನಟ್ ಸುಟ್ಟು ಮಾರುತ್ತಾರೆ, ಹಲಸಿನ ಬೀಜದ ನೆನಪಾಗುತ್ತೆ. ಆದರೆ ಜನ ಜಾಸ್ತಿ, ರೂಮ್ ತುಟ್ಟಿ, ಐದೂವರೆಗೆಲ್ಲ ಕತ್ತಲು. ನನಗೆ ವೈಯಕ್ತಿಕವಾಗಿ ಇದೇ ಕಾಲ ಇಷ್ಟ. ಬೇಸಿಗೆ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿ, ನಾನು ಹಿರಿಯರಿಗೆ ಹೇಳುವುದಿಲ್ಲ. ಕಾಳ್ಗಿಚ್ಚಿನ ಭಯ ಇರುತ್ತೆ. 2003ರಲ್ಲಿ, 2019-20ರಲ್ಲಿ ಈ ಬೆಟ್ಟಗಳು ಉರಿದವು. ಸುಟ್ಟ ಸ್ನೋ ಗಮ್ ಮರಗಳು ಬೂದುಬಣ್ಣದ ಕಡ್ಡಿಗಳ ಹಾಗೆ ಇಂದಿಗೂ ನಿಂತಿವೆ.

ಆದರೆ ಒಂದು ಸಲ ಹಿಮ ಮುಟ್ಟಬೇಕು ಅನ್ನುವ ಆಸೆಯನ್ನು ನಾನು ಸಣ್ಣದು ಅನ್ನಲಾರೆ. ನನ್ನ ಅಮ್ಮನ ಮುಖ ಹಾಥಮ್‌ನಲ್ಲಿ ಹೇಗಿತ್ತು ಅಂತ ನನಗೆ ನೆನಪಿದೆ. ಹಾಗಾಗಿ ನಿಮಗೆ ನನ್ನ ಉತ್ತರ ಸೆಪ್ಟೆಂಬರ್, ಐದು ದಿನ, ಚೈನ್ ಸಮೇತ. ಬ್ರೈಟ್‌ನಲ್ಲಿದ್ದಾಗ ಒಂದು ದಿನವೂ ಹವೆ ಕೂಡಿಬರದಿದ್ದರೆ ಹ್ಯೂಮ್ ಮೇಲೆ ವಾಪಸ್. ಆಗ ಯಾರೂ ಬೇಜಾರು ಮಾಡಿಕೊಳ್ಳಬಾರದು ಅಂತ ಹೊರಡುವ ಮುಂಚೆಯೇ ನಾಲ್ವರೂ ಮಾತಾಡಿಕೊಳ್ಳಿ.

ನಾನೂ ಒಮ್ಮೆ ಈ ತಪ್ಪು ಮಾಡಿದ್ದೇನೆ. ಮೇ ತಿಂಗಳಲ್ಲಿ ಒಂದು ದಿನ ಊಟ ತಡವಾಗಿ, ಮೂರು ಗಂಟೆಗೆ ಬ್ರೈಟ್ ಬಿಟ್ಟೆ. ವ್ಯಾನಲ್ಲಿ ಹನ್ನೊಂದು ಜನ. ಮೇಲೆ ಹೋಗುವಷ್ಟರಲ್ಲಿ ಮಂಜು ಮುಸುಕಿತ್ತು. ಹಿಮ ತುಂಬಿದಾಗ ರಸ್ತೆಯ ಅಂಚು ತಿಳಿಯಲಿ ಅಂತ ಅಲ್ಲಿ ಉದ್ದದ ಕಂಬ ನೆಟ್ಟಿದ್ದಾರೆ. ಒಂದು ಕಂಬ ಕಂಡಮೇಲೆ ಇನ್ನೊಂದು ಕಂಬಕ್ಕೆ, ಹೀಗೆ ನಡೆಯುವ ವೇಗದಲ್ಲಿ ಹೋದೆ. ಕೆಲವು ಕಡೆ ತಡೆಗೋಡೆ ಇಲ್ಲ ಅನ್ನುವುದು ನನಗೆ ಗೊತ್ತಿತ್ತು, ಹಿಂದೆ ಕೂತವರಿಗೆ ಗೊತ್ತಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಮಧ್ಯಾಹ್ನದ ಮೇಲೆ ನಾನು ಹ್ಯಾರಿಯಟ್‌ವಿಲ್ ದಾಟಿಲ್ಲ.

ಇಳಿದ ಮೇಲೆ ಇನ್ನೊಂದು ಎಚ್ಚರ. ಓಮಿಯೋದಿಂದ ಬ್ರೂಥೆನ್‌ವರೆಗೆ ಊರುಗಳು ದೂರದೂರ, ಮೊಬೈಲ್ ಸಿಗ್ನಲ್ ಬಹಳ ಕಡೆ ಇಲ್ಲ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿ. ಅದು ಬೋಗಾಂಗ್ ಹೈ ಪ್ಲೇನ್ಸ್ ರಸ್ತೆಯನ್ನು ತೋರಿಸಿದರೆ ನಂಬಬೇಡಿ, ಹಿಮದ ಕಾಲದಲ್ಲಿ ಅದು ಮುಚ್ಚಿರುತ್ತೆ. ಮುಸ್ಸಂಜೆ, ನಸುಕಿನಲ್ಲಿ ಕಾಂಗರೂ, ವಾಂಬ್ಯಾಟ್ ರಸ್ತೆಗೆ ಬರುತ್ತವೆ. ಅಡ್ಡ ಬಂದರೆ ನೇರವಾಗಿ ಬ್ರೇಕ್ ಹಾಕಿ. ಸ್ಟಿಯರಿಂಗ್ ತಿರುಗಿಸಿದರೆ ಮರಕ್ಕೋ ಎದುರಿನ ಲಾರಿಗೋ ಹೋಗುತ್ತೀರಿ. ಕಾಡಿನ ಅಂಚಿನಲ್ಲಿ ದೊಡ್ಡ ಕೊಂಬಿನ ಪ್ರಾಣಿ ನಿಂತಿದ್ದರೆ ಇದೇನು ನಾಗರಹೊಳೆಯಾ ಅನಿಸಬಹುದು. ನಿಮ್ಮ ಕಣ್ಣು ಮೋಸ ಮಾಡಿಲ್ಲ. ಅದು ನಮ್ಮ ಕಡವೆಯೇ. 1860ರ ದಶಕದಲ್ಲಿ ಬೇಟೆಗೆಂದು ತಂದು ಬಿಟ್ಟದ್ದು, ಈಗ ಈ ಬೆಟ್ಟಗಳ ತುಂಬ ಇದೆ.

ಮಗನಿಗೆ ಈ ಪತ್ರ ಓದಲು ಕೊಡಿ. ಟಿಕೆಟ್ ತೆಗೆಯುವ ಮುಂಚೆ ಅವನು ಮಾಡಬೇಕಾದದ್ದು ಎರಡು. ಕಾರಿನ ಪುಸ್ತಕದಲ್ಲಿ ಚೈನ್ ಹಾಕಬಹುದಾ ಅಂತ ನೋಡುವುದು. ಐದು ದಿನ ರಜೆ ಕೇಳುವುದು.